ಮೂಗಮ್ಮನಿಗೆ ಸಿಕ್ಕಿದ ಬೈಗುಳ

ಬೇಗೂರು
18-11-2024

ಚಿರಂಜೀವಿ ಮೇಘನಾಳಿಗೆ ನಿನ್ನ ಅಜ್ಜಿ ಚಿಕ್ಕಮಾದಮ್ಮ ಮಾಡುವ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ಊಟಿಯಿಂದ ಬಂದು ಇಷ್ಟು ದಿನವಾದರೂ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಅವರೆಕಾಯಿ ಬಿಡಿಸುವ ಕೆಲಸವಿತ್ತು, ಹೊಟ್ಟೆಕಿಚ್ಚೂ ಇತ್ತು. ಫೋನಿನಲ್ಲಿ ಹೇಳೋಣವೆಂದರೆ "ಹೂಂ ಅಜ್ಜಿ, ಊಟ ಆಯ್ತಾ?" ಎಂದು ಮುಗಿಸಿಬಿಡುತ್ತೀಯ. ನನ್ನದು ಮೂರನೇ ಕ್ಲಾಸಿನ ಅಕ್ಷರ, ನಿಧಾನವಾಗಿ ಓದಿಕೋ.

ಕಾಲಿನ ಬೊಬ್ಬೆ ಒಣಗಿತೆ?

ನಾನು ಮೊದಲೇ ಹೇಳಿದ್ದೆ. ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ, ಚಾಮರಾಜನಗರದ ಸಮತಟ್ಟಾದ ರಸ್ತೆಯಲ್ಲಿ ನಾಲ್ಕು ದಿನ ಓಡಿ, ಉಳಿದ ದಿನ ನಿದ್ದೆ ಮಾಡಿ, ಊಟಿ ಬೆಟ್ಟದ ಮ್ಯಾರಥಾನ್ ಓಡುತ್ತೇನೆ ಎಂದರೆ ಬೆಟ್ಟ ತಗ್ಗುತ್ತದೆಯೆ? ಆದರೂ "ನೀವೂ ಬನ್ನಿ ಅಜ್ಜಿ" ಎಂದು ಕರೆದೆಯಲ್ಲ, ಹೊಸ ಸೀರೆ ಉಟ್ಟು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಬಂದೆ. ನೋಡಿದರೆ ನಿನ್ನ ಅಮ್ಮನನ್ನು ಹೆತ್ತ ಮಹಾತಾಯಿ, ನಮ್ಮ ಬೀಗಿತಿ ಮೂಗಮ್ಮ, ಉಮ್ಮತ್ತೂರಿನಿಂದ ಬಂದು ಬಸ್ಸಿನಲ್ಲಿ ನಿನ್ನ ಪಕ್ಕ ಆಗಲೇ ಕುಳಿತಿದ್ದಾಳೆ! ಅವಳಿಗೆ ಕಿಟಕಿ, ನನಗೆ ಹಿಂದಿನ ಸೀಟು. ಬಂಡೀಪುರದಲ್ಲಿ ಎಲ್ಲರೂ ಆನೆ ನೋಡಿದರು. ನಾನು ಅವಳ ಹೆಗಲ ಮೇಲಿದ್ದ ನಿನ್ನ ತಲೆಯನ್ನೇ ನೋಡಿದೆ. ನೀನು ಬೆಳೆದದ್ದು ಅವಳ ಮನೆಯಲ್ಲಿ, ಒಪ್ಪುತ್ತೇನೆ. ಅವಳು ನಿನಗೆ ಅವ್ವ. ನಾನು ಬಸ್ಸಿನ ಬೋರ್ಡಿನಂತೆ ಬೇಗೂರಜ್ಜಿ.

ಓಟದ ದಿನ ಆ ಏರಿನಲ್ಲಿ ನಾವಿಬ್ಬರೂ ಕಾದು ನಿಂತಿದ್ದೆವು. ನೀನು ಓಡಲಾರದೆ, ಮುಖ ಕೆಂಪಗಾಗಿ, ನಡೆದುಕೊಂಡು ಬಂದೆ. ಅವಳು ನುಗ್ಗಿ ಬಾಯಿಗೆ ಬಾಳೆಹಣ್ಣು ತುರುಕಿದಳು.

"ತಿನ್ನು ಕಣಮ್ಮಿ, ಮಕ ಒಣ್ಗೋಗದೆ!"

"ಥೂ, ಬುಡವ್ವ! ಉಸ್ರು ಕಟ್ಟಿ ಸಾಯ್ಲಾ? ಅತ್ಲಾಗೋಗು, ಬುದ್ದಿ ಇಲ್ವಾ ನಿಂಗೆ?"

ರಸ್ತೆಗೆಲ್ಲ ಕೇಳುವಂತೆ ಬೈದೆ. ಅವಳೋ ಹಾರ ಹಾಕಿಸಿಕೊಂಡವಳ ಹಾಗೆ ನಗುತ್ತಾ ನಿಂತಳು.

ನಾನು ಸುಮ್ಮನಿರಲೆ? ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಬಾಗಿಲಿಗೆ ಬಂದರೆ ಕಾಲಿಗೆ ನೀರು ಹಾಕದೆ ಕಳಿಸುತ್ತೇವೆಯೆ? ಅಲ್ಲಿ ಕುಡಿಯಲು ಇಟ್ಟಿದ್ದ ನೀರನ್ನು ಬಕೆಟ್ಟಿಗೆ ತುಂಬಿ ನಿನ್ನ ಎರಡೂ ಶೂಗಳ ಮೇಲೆ ಸುರಿದೆ. ಕಾಲು ತಣ್ಣಗಾಗಲಿ ಎಂದೇ. ಮೂಗಮ್ಮನಿಗಿಂತ ಒಂದು ಕೈ ಮೇಲಾಗಲಿ ಎಂದೂ.

ನೀನು ಶೂ ನೋಡಿಕೊಂಡೆ. ನನ್ನನ್ನು ನೋಡಿದೆ.

"ಪರವಾಗಿಲ್ಲ ಬಿಡಿ ಅಜ್ಜಿ. ನೀವು ನೆರಳಲ್ಲಿ ಕೂತ್ಕೊಳ್ಳಿ."

ಪಚಪಚ ಎನ್ನಿಸುತ್ತಾ ಹೊರಟೆ. ಕೊನೆಯ ಗುಂಪಿನಲ್ಲಿ ಕುಂಟುತ್ತಾ ಮುಗಿಸಿದೆ. ಸಾಕ್ಸ್ ಬಿಚ್ಚಿದರೆ ಬೊಬ್ಬೆ ಒಡೆದು ರಕ್ತ. ಪಟ್ಟಿ ಕಟ್ಟುವ ಹುಡುಗಿ "ಹೀಗೆ ಹೇಗಾಯ್ತು?" ಎಂದು ಕೇಳಿದಾಗ "ಶೂ ಟೈಟು" ಎಂದೆ. ನನ್ನ ಹೆಸರೆತ್ತಲಿಲ್ಲ. ಮನೆಗೆ ಬಂದ ನೆಂಟರು ಲೋಟ ಒಡೆದರೆ ಮನೆಯವರು ಹಾಗೆ ಮುಚ್ಚಿಡುತ್ತಾರೆ.

ನೀನೇ ನರ್ಸು, ಔಷಧಿ ನಾನೇನು ಹೇಳಲಿ. ಇನ್ನೊಂದು ಬೆಟ್ಟಕ್ಕೆ ಹೆಸರು ಕೊಡುವ ಮೊದಲು ನೆಟ್ಟಗೆ ಅಭ್ಯಾಸ ಮಾಡು. ಮಾದಪ್ಪ ನಿನ್ನ ಕಾಲಿಗೆ ಬಲ ಕೊಡಲಿ, ನೂರು ಕಾಲ ಬಾಳು.

ಇಂತಿ,
ಚಿಕ್ಕಮಾದಮ್ಮ

ಮರೆತ ಮಾತು: ಒಂದು ಬಾಳೆಹಣ್ಣಿಗೆ ಮೂಗಮ್ಮ ಅಷ್ಟು ಬೈಸಿಕೊಂಡಳು. ನಾನು ನಿನ್ನ ಓಟವನ್ನೇ ಕೆಡಿಸಿದೆ, ನನಗೆ ಒಂದು ಮಾತೂ ಇಲ್ಲ. ಆವತ್ತಿನಿಂದ ಅದನ್ನೇ ಲೆಕ್ಕ ಹಾಕುತ್ತಿದ್ದೇನೆ ಕಣಮ್ಮಿ. ಭಾನುವಾರ ನಿನಗೆ ರಜೆಯಂತೆ. ಬಾ, ಬಂದು ನನ್ನನ್ನೂ ಬಾಯಿ ತುಂಬ ಬೈದು ಹೋಗು.