ಕಹಿ ಎಷ್ಟಿರಬೇಕು?

ಮನೆ, ಅಡುಗೆಮನೆಯ ಮೇಜು
ಮಂಗಳವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಕುಳ್ಳಿಗೆ ಅಪ್ಪನ ಮುದ್ದು.

ಹೇಗಿದ್ದೀಯ ಮಗಳೇ? ನಿಂತು ನಿಂತು ಕಾಲು ಊದುತ್ತದೆ ಎಂದಿದ್ದೆಯಲ್ಲ, ಈಗ ಹೇಗಿದೆ? ಕೆಲಸ ಮುಗಿಸಿ ಬಂದಮೇಲೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು, ಇದೊಂದರಲ್ಲಾದರೂ ಈ ಕಾಂಪೌಂಡರ್ ಅಪ್ಪನ ಮಾತು ಕೇಳು. ನೀನು ನನ್ನ ಭುಜ ದಾಟಿ ಬೆಳೆದು ಹತ್ತು ವರ್ಷವಾಯಿತು, ಹೋಟೆಲಿನ ಬಾರ್ ಕೌಂಟರಿನಲ್ಲಿ ನಾಲ್ಕು ಜನಕ್ಕೆ ಕೆಲಸ ಹೇಳಿಕೊಡುವಷ್ಟು ದೊಡ್ಡವಳಾದೆ, ಆದರೂ ಈ ಮನೆಯಲ್ಲಿ ನೀನು ಕುಳ್ಳಿಯೇ. ನಿನ್ನಮ್ಮ ಚೆನ್ನಾಗಿದ್ದಾಳೆ. ಬಿ.ಪಿ. ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದಾಳೆ. ಭಾನುವಾರ ಹತ್ತಿರವಾದಂತೆ ಪರದೆ ಒಗೆಯುವುದು, ಕಪಾಟು ಒರೆಸುವುದು ಶುರುವಾಗಿದೆ. ನಿನ್ನೆ ನಾನು ಕೂತಿದ್ದ ಕುರ್ಚಿಯಿಂದಲೇ ನನ್ನನ್ನು ಎಬ್ಬಿಸಿ ಅದನ್ನು ತೊಳೆಯಲು ಎಳೆದುಕೊಂಡು ಹೋದಳು.

ನೀನು ಕಳಿಸಿದ ಪೆಟ್ಟಿಗೆ ಶುಕ್ರವಾರ ಬಂತು. ನೊರೆಯೇಳುವ ವೈನಿನ ನಾಲ್ಕು ಸೀಸೆ, ಆ ಕಿತ್ತಳೆ ಬಣ್ಣದ ಕಹಿ ಮದ್ಯದ್ದು ಒಂದು, ಉದ್ದ ಕಾಲಿನ ಗ್ಲಾಸು ಆರು. ಒಂದೂ ಒಡೆದಿಲ್ಲ. ನಿನ್ನ ಚೀಟಿಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಗ್ಲಾಸಿನ ತುಂಬ ಐಸು, ಮೂರು ಪಾಲು ವೈನು, ಎರಡು ಪಾಲು ಕಹಿ, ಒಂದು ಪಾಲು ಸೋಡಾ, ಮೇಲೊಂದು ಕಿತ್ತಳೆ ಬಿಲ್ಲೆ, ಚಮಚದಿಂದ ಒಂದೇ ಒಂದು ಸಲ ಮೆಲ್ಲಗೆ ಕಲಕುವುದು. ಇಟಲಿಯವರು ಊಟಕ್ಕೆ ಮುಂಚೆ ಹಸಿವು ಹುಟ್ಟಲಿ ಎಂದು ಇದನ್ನು ಕುಡಿಯುತ್ತಾರೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಗು ಬಂತು. ಮೂವತ್ತೆಂಟು ವರ್ಷ ದವಾಖಾನೆಯ ಕಿಟಕಿಯ ಹಿಂದೆ ನಿಂತು ನಾನು ಮಾಡಿದ್ದೂ ಅದೇ ತಾನೇ. ಹಸಿವಿಲ್ಲದವರಿಗೆ ಕಹಿ ಮಿಶ್ರಣ, ಊಟಕ್ಕೆ ಅರ್ಧ ಗಂಟೆ ಮುಂಚೆ ಎರಡು ಚಮಚ. ಒಂದು ಹನಿ ನಾಲಿಗೆಯ ಬುಡಕ್ಕೆ ಬಿಟ್ಟುಕೊಂಡು ನೋಡದೆ ನಾನು ಅದನ್ನು ಯಾರ ಕೈಗೂ ಕೊಟ್ಟವನಲ್ಲ. 'ಇವನ ನಾಲಿಗೆ ಇರೋವಾಗ ತಕ್ಕಡಿ ಯಾಕ್ರಯ್ಯಾ' ಎಂದು ನಮ್ಮ ಡಾಕ್ಟರು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬಿಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಅಂಥವನೇ, ನೀನು ಈ ಕೆಲಸಕ್ಕೆ ಸೇರಿದ ದಿನ 'ಕಂಡೋರ ಎಂಜಲು ಗ್ಲಾಸು ತೊಳೆಯೋಕೆ ಹೋಗ್ತೀಯಾ' ಎಂದುಬಿಟ್ಟೆ. ನೀನು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟುಬಿಟ್ಟೆ. ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಈಗ, ಬರುವ ಭಾನುವಾರ, ನಿನ್ನ ಕೈಹಿಡಿಯುವವನ ಅಪ್ಪ ಅಮ್ಮ ಮೊದಲ ಸಲ ನಮ್ಮ ಮನೆಗೆ ಬರುತ್ತಿದ್ದಾರೆ. ನೀನು ಕೆಲಸ ಮುಗಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ಅವರು ಬಂದು ಒಂದು ಗಂಟೆಯಾದರೂ ಆಗಿರುತ್ತದೆ. ಫೋನಿನಲ್ಲಿ ನೀನು ಕೇಳಿದ್ದು ಒಂದೇ. 'ನಾನು ಬರೋವರೆಗೆ ನೀವೇ ಕೈಯಾರೆ ಇದನ್ನ ಮಾಡಿ ಕೊಡಿ ಅಪ್ಪ. ನನ್ನ ಮಗಳ ಕೆಲಸ ಇದು ಅಂತ ಅವರಿಗೆ ಹೇಳಿ.' ಇಷ್ಟು ಕೇಳಲು ಮಗಳಿಗೆ ಮೂರು ವರ್ಷ ಬೇಕಾಯಿತಲ್ಲ. ಅದಕ್ಕೇ ಭಾನುವಾರದ ಗ್ಲಾಸು ಕೆಡಬಾರದು. ಬೇರೆ ಏನು ಕೆಟ್ಟರೂ ಅದೊಂದು ಕೆಡಬಾರದು.

ಮೊದಲ ತಾಲೀಮು ಶನಿವಾರ ಸಂಜೆ ಆಯಿತು. ನೀನು ಎಲ್ಲವನ್ನೂ ಬರೆದಿದ್ದೆ, ಸೀಸೆ ಅಲ್ಲಾಡಿಸಬೇಡಿ ಎಂಬುದೊಂದನ್ನು ಬಿಟ್ಟು. ಅದನ್ನು ಯಾರಾದರೂ ಬರೆಯುತ್ತಾರೆಯೇ, ನಿನ್ನದೇನೂ ತಪ್ಪಿಲ್ಲ. ಆದರೆ 'ಚೆನ್ನಾಗಿ ಅಲ್ಲಾಡಿಸಿ ಬಳಸಿ' ಎಂಬ ಚೀಟಿಯನ್ನು ಜೀವಮಾನವಿಡೀ ಅಂಟಿಸಿದ ಕೈ ಇದು, ಸೀಸೆ ಸಿಕ್ಕಿದರೆ ತಾನಾಗಿಯೇ ಅಲ್ಲಾಡಿಸುತ್ತದೆ. ಕುಡಿಯುವವರಿಗೆ ಸಮನಾಗಿ ಬೆರೆತಿರಲಿ ಎಂದು ಹತ್ತು ಸಲ ಮೇಲೆ ಕೆಳಗೆ ಮಾಡಿ ತಂತಿ ಬಿಚ್ಚಿದೆ ನೋಡು, ಬಿರಡೆ ಹಾರಿ ಬಲ್ಬಿಗೆ ಬಡಿಯಿತು. ಅರ್ಧ ವೈನು ಅಟ್ಟಕ್ಕೆ, ಉಳಿದರ್ಧ ಅಂದೇ ಒಗೆದು ಹಾಕಿದ್ದ ಪರದೆಗೆ. ಕತ್ತಲಲ್ಲಿ ನಿನ್ನಮ್ಮ ಪೊರಕೆ ಹಿಡಿದು ನಿಂತು, 'ಅದು ಕೆಮ್ಮಿನ ಔಷಧಿ ಅಲ್ಲ ಕಣ್ರೀ' ಎಂದಳು. ಆಮೇಲೆ ಇಬ್ಬರೂ ನೆಲ ಒರೆಸುತ್ತ ನಕ್ಕೆವು. ನಗುವಾಗಲೂ ಉಳಿದ ಸೀಸೆಗಳನ್ನು ಎಣಿಸುತ್ತಲೇ ಇದ್ದೆ, ಒಂದು ಹೋಯಿತಲ್ಲ ಎಂದು.

ಮೊನ್ನೆ ಭಾನುವಾರ ಎರಡನೆಯ ಸೀಸೆಯನ್ನು ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡೆ. ಹಳೆಯ ಔನ್ಸ್ ಗ್ಲಾಸು ತೆಗೆದು ಒಂದು ಗೆರೆಯೂ ಹೆಚ್ಚುಕಡಿಮೆಯಾಗದಂತೆ ಅಳೆದೆ. ಬಣ್ಣ ಚೆನ್ನಾಗಿ ಬಂತು, ಗುಳ್ಳೆ ಸಾಲಾಗಿ ಎದ್ದವು. ನಿನ್ನಮ್ಮ ಒಂದು ಗುಟುಕು ಕುಡಿದು, 'ಪರವಾಗಿಲ್ಲ ರೀ, ಕಹಿನೂ ಇದೆ, ಹಿತವಾಗೂ ಇದೆ' ಎಂದಳು. ನನಗೆ ಮಾತ್ರ ಸಪ್ಪೆ ಎನಿಸಿತು. ಸರಿ, ಕಹಿ ಮೂರು ಪಾಲು ಮಾಡಿದೆ, ಆಗಲೂ ಸಪ್ಪೆ. ನಾಲ್ಕು ಪಾಲು ಹಾಕಿ ಕೆಳಗಿನ ಮನೆಯ ದರ್ಜಿಯನ್ನು ಕರೆದು ಕೊಟ್ಟೆ. ಪಾಪ, ಮರ್ಯಾದೆಗೆ ಪೂರ್ತಿ ಮುಗಿಸಿದರು. ಆಮೇಲೆ ಮುಖ ಕಿವುಚಿಕೊಂಡು, 'ಕಾಂಪೌಂಡರೇ, ಇದನ್ನ ದಿನಕ್ಕೆ ಎಷ್ಟು ಸಲ ತಗೋಬೇಕು' ಎಂದು ಕೇಳಿದರು. ನಿನ್ನಮ್ಮ ನಕ್ಕೂ ನಕ್ಕೂ ಸುಸ್ತಾದಳು. ನನಗೆ ನಗು ಬರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಆ ಕಹಿ ಸೀಸೆ ಹಳೆಯದೇನಾದರೂ ಆಗಿದೆಯೇ? ತೆರೆದಿಟ್ಟರೆ ಸತ್ವ ಹೋಗುತ್ತದೆಯೇ? ನಿನ್ನ ಅಳತೆಯೇ ಸರಿ ಎಂದು ನಿನ್ನಮ್ಮ ಪಟ್ಟು ಹಿಡಿದಿದ್ದಾಳೆ. 'ನಿಮಗೆ ಶೀತ ಆಗಿದೆ, ಅದಕ್ಕೇ ರುಚಿ ಗೊತ್ತಾಗ್ತಿಲ್ಲ' ಎನ್ನುತ್ತಾಳೆ. ಹೋದ ವಾರ ಒಲೆಯ ಮೇಲಿನ ಹಾಲು ತಳ ಹಿಡಿದು ಸೀದುಹೋದಾಗಲೂ, 'ಪಕ್ಕದಲ್ಲೇ ಕೂತಿದ್ದೀರಲ್ಲ, ಮೂಗು ಎಲ್ಲಿ ಅಡ ಇಟ್ಟಿದ್ದೀರಿ' ಎಂದು ಬೈದಳು. ಪೇಪರ್ ಓದುತ್ತಿದ್ದೆ ಎಂದೆ. ಇರಲಿ. ಇನ್ನೆರಡು ಸೀಸೆ ಉಳಿದಿವೆ, ಅವನ್ನು ಭಾನುವಾರದವರೆಗೆ ಮುಟ್ಟುವುದಿಲ್ಲ.

ಇಷ್ಟನ್ನೂ ಎಂದಿನಂತೆ ನಿನ್ನಮ್ಮನಿಗೆ ಓದಿ ಹೇಳಿದೆ. ಪೂರ್ತಿ ಓದಿಸಿಕೊಳ್ಳದೆ ನಮ್ಮ ಮನೆಯಿಂದ ಒಂದು ಕಾಗದವನ್ನೂ ಆಚೆ ಬಿಟ್ಟವಳಲ್ಲ ಅವಳು, ನಿನಗೇ ಗೊತ್ತು. ಬಲ್ಬಿನ ವಿಷಯ ಇನ್ನಷ್ಟು ಬಿಡಿಸಿ ಬರೆಯಬೇಕಿತ್ತಂತೆ. ಬರುವಾಗ ಆ ಹಸಿರು ಬಟ್ಟೆಯನ್ನೇ ಉಟ್ಟುಕೊಂಡು ಬರಬೇಕಂತೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕೂದಲು ಕೆದರಿಸಿಕೊಳ್ಳಬಾರದಂತೆ. ಅವಳ ಪ್ರೀತಿಯನ್ನೂ ಇದರ ಜೊತೆಗೆ ಸೇರಿಸಿಕೋ. ಹುಡುಗನನ್ನು ಕೇಳಿದೆ ಎಂದು ಹೇಳು. ನೀವಿಬ್ಬರೂ ತಣ್ಣಗಿರಿ, ನಿಮ್ಮ ಬಾಳು ಹಸನಾಗಲಿ.

ಇತಿ ನಿನ್ನ ಅಪ್ಪ,
ಕಾಂಪೌಂಡರ್ (ಈಗ ನಿನ್ನ ಕೈಕೆಳಗೆ)

ಮರೆತ ಮಾತು: ಅಂಚೆ ಕಚೇರಿಯಲ್ಲಿ ನಿಂತು, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಲು ಮನೆಯಲ್ಲಿರುವ ಅಂಟು ಒಣಗಿದೆ ಎಂದು ಸುಳ್ಳು ಹೇಳಿ ಬಂದೆ. ಇದನ್ನು ನಿನ್ನಮ್ಮನಿಗೆ ಓದಿಲ್ಲ. ನನಗೆ ಶೀತವಾಗಿಲ್ಲ ಮಗಳೇ. ಮೂರು ವಾರದಿಂದ ನಾಲಿಗೆಗೆ ಕಹಿ ತಿಳಿಯುತ್ತಿಲ್ಲ, ಮೂಗಿಗೆ ವಾಸನೆ ಇಲ್ಲ. ನಿನ್ನ ಕಹಿ ಮದ್ಯವನ್ನು ಹಾಗೆಯೇ ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿದೆ, ಬರೀ ನೀರು. ನಿನ್ನೆ ನಿನ್ನಮ್ಮ ಮಾರ್ಕೆಟ್ಟಿಗೆ ಹೋಗಿದ್ದಾಗ ಗ್ಯಾಸು ಸೋರುತ್ತಿತ್ತು, ನಾನು ಅದರ ಪಕ್ಕದಲ್ಲೇ ಕೂತು ಕಿತ್ತಳೆ ಹೆಚ್ಚುತ್ತಿದ್ದೆ. ದರ್ಜಿ ಮೆಟ್ಟಿಲಿನಿಂದಲೇ ಕೂಗುತ್ತ ಓಡಿಬಂದು ಬಂದ್ ಮಾಡಿದರು. ಯಾರಿಗೂ ಹೇಳುವುದಿಲ್ಲ ಎಂದಿದ್ದಾರೆ. ಅಷ್ಟು ವರ್ಷ ಡಾಕ್ಟರ ಪಕ್ಕ ನಿಂತವನಿಗೆ ಇದು ಏನೇನು ಇರಬಹುದೆಂದು ಗೊತ್ತು, ಗೊತ್ತಿರುವುದೇ ತೊಂದರೆ. ನನಗೆ ಹೆದರಿಕೆಯಾಗಿದೆ. ನಿನ್ನಮ್ಮನಿಗೆ ತಿಳಿದರೆ ಭಾನುವಾರದ್ದನ್ನೆಲ್ಲ ನಿಲ್ಲಿಸಿಬಿಡುತ್ತಾಳೆ, ಆದ್ದರಿಂದ ಫೋನಿನಲ್ಲಿ ಬಾಯಿಬಿಡಬೇಡ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಗೆ ಬರಹೇಳಿದ್ದಾರೆ, ಒಂದು ದಿನ ರಜೆ ಹಾಕಿ ನನ್ನ ಜೊತೆ ಬಾ. ಭಾನುವಾರದ ಚಿಂತೆ ಬಿಡು, ನಿನ್ನ ಅಳತೆಯಂತೆಯೇ ಮಾಡುತ್ತೇನೆ. ನಾಲಿಗೆಗೆ ಇಟ್ಟು ನೋಡದೆ ಒಬ್ಬರ ಕೈಗೆ ಕೊಡುವುದು ನನ್ನ ಜೀವಮಾನದಲ್ಲಿ ಇದೇ ಮೊದಲು. ನಿನ್ನ ಚೀಟಿ ನಂಬಿ ಕೊಡುತ್ತೇನೆ.