ನೆನೆಸದೆ ಹೊಲಿದ ಚೀಲ

ಅಂಗಡಿಯಿಂದ,
ಶುಕ್ರವಾರ ಮಧ್ಯಾಹ್ನ

ಚಿರಂಜೀವಿ ಗಿರಗಿಟ್ಲೆಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಮೂರು ದೇಶಗಳ ಸೇನಾಪತಿಗಳ ಸೊಂಟದ ಅಳತೆ ಬಾಯಿಪಾಠ ಇರುವ ದರ್ಜಿ ಈ ಭೂಮಂಡಲದಲ್ಲಿ ನಾನೊಬ್ಬನೇ. ಯುದ್ಧಕ್ಕೆ ಹೊರಡುವ ಮೊದಲು ಅವರೆಲ್ಲ ನನಗೆ ಫೋನು ಮಾಡಿ, ಗುಂಡಿ ಗಟ್ಟಿಯಿದೆ ತಾನೇ ಎಂದು ಕೇಳಿಕೊಂಡೇ ಹೊರಡುತ್ತಿದ್ದರು. ನಿನ್ನ ಅಮ್ಮ ಇದನ್ನು ನಂಬುವುದಿಲ್ಲ. ನಾನು ಮಾತು ಕಲಿತ ದಿನದಿಂದ ಅಕ್ಕ ನನ್ನ ಯಾವ ಮಾತನ್ನೂ ನಂಬಿದವಳಲ್ಲ.

ನಿನ್ನ ಕಾಗದ ಮಂಗಳವಾರ ಬಂತು. ಅಮ್ಮನಿಗೆ ತೋರಿಸಬೇಡ ಎಂದಿದ್ದೆ, ತೋರಿಸಿಲ್ಲ. ನಿನ್ನನ್ನು ರೈಲ್ವೆ ಸ್ಟೇಷನ್ನಿನ ಗೇಟಿಗೆ ಕಾವಲು ಹಾಕಿದಾಗ, ನನ್ನ ಸೊಸೆ ಗುಂಡು ತುಂಬಿದ ಬಂದೂಕು ಹಿಡಿದು ನಿಂತಿದ್ದಾಳೆ ಎಂದು ಬೀದಿಗೆಲ್ಲ ಡಂಗುರ ಹೊಡೆದವನು ನಾನು. ಆಮೇಲೆ ನೀನು ರಜೆಗೆ ಬಂದು, ಬಂದೂಕು ಖಾಲಿ ಮಾವ, ಗುಂಡಿನ ಮ್ಯಾಗಜೀನು ಸೊಂಟದ ಚೀಲದಲ್ಲಿರುತ್ತೆ, ಆಪತ್ತು ಬಂದರೆ ಮಾತ್ರ ತೆಗೆದು ಹಾಕಿಕೊಳ್ಳಬೇಕೆಂದು ಆರ್ಡರು ಎಂದಾಗ, ಅದಕ್ಕಿಂತ ನನ್ನ ಗಜಕಡ್ಡಿ ವಾಸಿ ಎಂದು ಗೇಲಿ ಮಾಡಿದ್ದೆ.

ಈಗ ಗೇಲಿ ಮಾಡುತ್ತಿಲ್ಲ. ಆ ದಿನ ನಡೆದದ್ದನ್ನು ನೀನು ಬರೆದ ಹಾಗೆ ನಾಲ್ಕು ಸಲ ಓದಿದೆ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉದ್ದನೆಯ ಗಂಟು ಹಿಡಿದು ಒಬ್ಬ ಗೇಟಿಗೆ ನುಗ್ಗಿದ. ನಿಲ್ಲು ಎಂದು ಕೂಗಿದರೂ ನಿಲ್ಲಲಿಲ್ಲ. ನಿನ್ನ ಕೈ ಚೀಲಕ್ಕೆ ಹೋಯಿತು, ಮುಚ್ಚಳದ ಗುಂಡಿ ಬಿಚ್ಚಲಿಲ್ಲ. ಎಳೆದೆ, ಜಗ್ಗಿದೆ. ಅಷ್ಟರಲ್ಲಿ ಅವನು ನಿನ್ನ ಕಾಲ ಬಳಿಯೇ ಮುಗ್ಗರಿಸಿ ಬಿದ್ದ. ಪ್ಲಾಸ್ಟಿಕ್ಕು ಹರಿದು ಎರಡು ಹೊಸ ಊರುಗೋಲು ಹೊರಬಿದ್ದವು. ಅವನ ಹೆಂಡತಿ ರೈಲಿನಲ್ಲಿ ಕೂತಿದ್ದಳು, ಅವಳ ಊರುಗೋಲು ಆಟೋದಲ್ಲೇ ಉಳಿದಿತ್ತು, ರೈಲು ಇನ್ನೇನು ಹೊರಡುವುದಿತ್ತು. ಒಂದನ್ನು ನೀನೇ ಎತ್ತಿಕೊಂಡು ಅವನ ಜೊತೆ ಪ್ಲಾಟ್‌ಫಾರ್ಮಿಗೆ ಓಡಿದೆಯಂತೆ. ಅದನ್ನು ಓದುವಾಗ ಕನ್ನಡಕ ಒರೆಸಿಕೊಂಡೆ. ಧೂಳು ಜಾಸ್ತಿ ಇಲ್ಲಿ.

ಸೋಮವಾರ ವಿಚಾರಣೆ. ಕಾವಲಿನಲ್ಲಿ ಬಂದೂಕಿಗೆ ಗುಂಡು ತುಂಬಿಯೇ ಇರಬೇಕೋ ಬೇಡವೋ ಎಂದು ನೀವೆಲ್ಲ ಬರೆದು ಕೊಡಬೇಕು. ಬೇಕು ಎಂದು ಬರೆ ಎನ್ನುತ್ತಿದ್ದಾರೆ ಜೊತೆಯವರು. ಅವರದೂ ತಪ್ಪಲ್ಲ. ಹಿಂದಿನ ಗೇಟಿನ ನಿನ್ನ ಜೊತೆಗಾರ ಮ್ಯಾಗಜೀನು ತೆಗೆಯುವ ಮೊದಲೇ ಭುಜಕ್ಕೆ ಚಾಕು ಹಾಕಿಸಿಕೊಂಡು ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ನೀನು ಮಾತ್ರ ಬೇರೆಯೇ ಬರೆಯಲು ಹೊರಟಿದ್ದೀಯ. ‘ಆ ಹೊತ್ತಿಗೆ ನನ್ನ ಕೈ ನಡುಗಿತು, ನಾನು ಈ ಕೆಲಸಕ್ಕೆ ಲಾಯಕ್ಕಲ್ಲ, ಬಿಡುಗಡೆ ಕೊಡಿ’ ಎಂದು.

ತಡಿ. ಮುಂದಿನದನ್ನು ಬರೆಯಲು ನನಗೆ ಮೂರು ದಿನ ಹಿಡಿದಿದೆ, ಪೂರ್ತಿ ಓದು.

ನಾನು ಮುಖ ಇಳಿಬಿಟ್ಟು ಕೂತದ್ದು ನೋಡಿ ಪಕ್ಕದ ಕಟಿಂಗ್ ಶಾಪಿನವನು ಬಂದು ವಿಷಯ ಕೆದಕಿದ. ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ. “ಏನಯ್ಯಾ, ಒಂದು ಗುಂಡಿ ಬಿಚ್ಚೋಕೆ ಕೈ ನಡುಗೋದಾ? ಮನೆಗೆ ಕರೆಸ್ಕೋ ಅವಳನ್ನ,” ಎಂದ. ನನಗೆ ರೇಗಿತು. “ನಾನು ಹೊಲಿದ ಚೀಲ ಕಣೋ ಅದು. ಕಣ್ಣು ಮುಚ್ಕೊಂಡು ಮೂರು ಸೆಕೆಂಡಲ್ಲಿ ಬಿಚ್ತೀನಿ, ಪಂದ್ಯ ಕಟ್ಟು,” ಎಂದೆ.

ಹೋದ ರಜೆಯಲ್ಲಿ ನಿನ್ನ ಚೀಲದ ಮುಚ್ಚಳ ಹರಿದಿದೆ ಎಂದು ತಂದಿದ್ದೆಯಲ್ಲ, ಹೊಸ ಕ್ಯಾನ್ವಾಸಿನಲ್ಲಿ ಬೇರೆ ಮುಚ್ಚಳ ಹಾಕಿಕೊಟ್ಟೆ. ಉಳಿದ ತುಂಡಿನಲ್ಲಿ ಅಂಥದೇ ಇನ್ನೊಂದು ಚೀಲ ಹೊಲಿದು, ‘ಮಿಲಿಟರಿ ಕೆಲಸ ಮಾಡಿಕೊಡಲಾಗುವುದು’ ಎಂಬ ಬೋರ್ಡಿನ ಕೆಳಗೆ ತೂಗುಹಾಕಿದ್ದೆ. ಧೂಳು ಹಿಡಿದಿದೆ ಎಂದು ನಿನ್ನತ್ತೆ ಮೊನ್ನೆ ಒಗೆದಿದ್ದಳು. ಅದನ್ನೇ ಸೊಂಟಕ್ಕೆ ಕಟ್ಟಿದೆ, ಒಳಗೆ ಮ್ಯಾಗಜೀನಿನ ಬದಲು ಸೋಪಿನ ಡಬ್ಬಿ. ಅವನು ಗೋಡೆ ಗಡಿಯಾರ ನೋಡುತ್ತಾ ಎಣಿಸಿದ.

ಮೂರಾಯಿತು. ಆರಾಯಿತು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ನೊರೆಯ ಸಮೇತ ಎದ್ದು ಬಂದ. ಹನ್ನೊಂದಕ್ಕೆ ನನ್ನ ಉಗುರು ಕಿತ್ತುಬಂತು, ಹದಿಮೂರಕ್ಕೆ ಗುಂಡಿ ಬಿಚ್ಚಿತು. “ನಿಮ್ಮ ವಂಶಕ್ಕೇ ಕೈ ನಡುಕ ಇದೆಯೇನೋ,” ಎಂದ ಮಹಾರಾಯ.

ನನ್ನ ಕೈ ನಡುಗಿರಲಿಲ್ಲ, ಗಿರಗಿಟ್ಲೆ. ಗುಂಡಿ ತೂರಿಸುವ ಕಾಜಾ ಬಿಗಿದಿತ್ತು. ಹೊಸ ಕ್ಯಾನ್ವಾಸನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ಕಾಜಾ ಗುಂಡಿಯನ್ನು ಕಚ್ಚಿ ಹಿಡಿಯುತ್ತದೆ. ಮೂವತ್ತು ವರ್ಷದಿಂದ ಬಂದ ಗಿರಾಕಿಗಳಿಗೆಲ್ಲ ನಾನು ಮಾಡುವ ಉಪನ್ಯಾಸ ಇದು. ನಿನ್ನ ರಜೆ ಒಂದೇ ದಿನ ಉಳಿದಿತ್ತು, ನೆನೆಸದೆ ಹೊಲಿದೆ. ನೀನು ಕೇಳಿದೆ ಕೂಡ, ನೆನೆಸಲ್ವಾ ಮಾವ ಎಂದು. ನನ್ನ ಕೈಗೆ ಬಂದ ಬಟ್ಟೆ ಕುಗ್ಗೋಕೆ ಹೆದರುತ್ತೆ ಎಂದೆ. ಅಲ್ಲಿಗೆ ಹೋದ ಮೇಲೆ ನೀನೂ ಅದನ್ನು ಒಮ್ಮೆಯಾದರೂ ಒಗೆದಿರುತ್ತೀಯ. ನಿನ್ನ ಕೈ ಚೂರು ನಡುಗಿರಬಹುದು, ಯಾರದು ನಡುಗುವುದಿಲ್ಲ? ಆದರೆ ಗುಂಡಿ ಬಿಚ್ಚದೆ ಹೋದದ್ದು ಅದಕ್ಕಲ್ಲ, ನನ್ನ ಕೆಟ್ಟ ಕೆಲಸಕ್ಕೆ.

ಇನ್ನು ಗುಂಡು ತುಂಬಿರಬೇಕೋ ಬೇಡವೋ ಎಂದು ನನ್ನನ್ನು ಕೇಳಿದ್ದೀಯ. ಚಾಕು ತಿಂದವನ ಭುಜ ನೆನೆದರೆ ಇರಲಿ ಅನ್ನಿಸುತ್ತದೆ. ರೈಲಿನಲ್ಲಿ ಕೂತು ಗಂಡನ ದಾರಿ ನೋಡುತ್ತಿದ್ದವಳನ್ನು ನೆನೆದರೆ ಬೇಡ ಅನ್ನಿಸುತ್ತದೆ. ನಾನು ಏಳನೇ ಕ್ಲಾಸಿಗೆ ಓದು ಬಿಟ್ಟವನು, ತೀರ್ಪು ಕೊಡಲಾರೆ. ಆದರೆ ನಿನ್ನ ಕಾಗದದಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀಯ. ಬೆಳಕಿಗೆ ಹಿಡಿದು ಓದಿದೆ. ‘ತುಂಬಿದ್ದರೆ ಹೊಡೆದುಬಿಡುತ್ತಿದ್ದೆ.’ ಸೋಮವಾರ ಆ ಸಾಲನ್ನು ಬರೆ. ಅದರ ಕೆಳಗೆ ನಿನ್ನ ಜೊತೆಗಾರನ ಭುಜದ ಸಂಗತಿಯನ್ನೂ ಬರೆ. ಎರಡನ್ನೂ ಓದಿ ಅವರು ತೀರ್ಮಾನಿಸಲಿ. ನನ್ನ ತಪ್ಪಿಗೆ ನೀನು ಬಿಡುಗಡೆ ಅರ್ಜಿ ಮಾತ್ರ ಕೊಡಬೇಡ. ಬೇಕಾದರೆ ಈ ಕಾಗದವನ್ನೇ ತೋರಿಸು. ಸೇನಾಪತಿಗಳ ಭಾಗ ಮಡಚಿಟ್ಟು ತೋರಿಸು.

ಇದರ ಜೊತೆ ಹೊಸ ಮುಚ್ಚಳವಿದೆ. ಎರಡು ಸಲ ನೆನೆಸಿದ್ದೇನೆ, ಬೆರಳು ಸೋಕಿದರೆ ಬಿಚ್ಚುತ್ತದೆ. ಬಿಚ್ಚುವ ಪ್ರಸಂಗ ನಿನಗೆ ಬಾರದಿರಲಿ.

ಇಂತಿ,
ಸದ್ಯಕ್ಕೆ ಯಾವ ಸೇನಾಪತಿಯೂ ಫೋನು ಮಾಡದ
ನಿನ್ನ ಮಾವ

ತಾ.ಕ.: ನಿನ್ನನ್ನು ಸಮಾಧಾನ ಮಾಡಲು ಮಾವ ಕಥೆ ಕಟ್ಟಿದ್ದಾನೆ ಎಂದುಕೊಳ್ಳುತ್ತೀಯ, ನನಗೆ ಗೊತ್ತು. ಪಂದ್ಯದಲ್ಲಿ ಐವತ್ತು ಹೋಯಿತು ಎಂದು ನಿನ್ನತ್ತೆಗೆ ಹೇಳಿದ್ದೇನೆ. ನಿನ್ನ ಕೈಯ ಬಗ್ಗೆ ಕಟಿಂಗ್ ಶಾಪಿನವನು ಹಾಗೆ ಆಡಿದನಲ್ಲ ಎಂಬ ರೋಷಕ್ಕೆ, ಕಾಜಾ ಮಿಷನ್ನು ಕೊಳ್ಳಲು ಕೂಡಿಟ್ಟಿದ್ದನ್ನೆಲ್ಲ ಕಟ್ಟಿದ್ದೆ. ಆರು ಸಾವಿರದ ನಾನೂರು.