ಕುರಿಹಟ್ಟಿಯ ಮೇಲಿನ ಕಿಟಕಿ

ಯುಟ್ರೆಕ್ಟ್, ನೆದರ್ಲೆಂಡ್ಸ್
೧೪ ಜೂನ್ ೨೦೨೦

ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂಡಿದ ಸಮಸ್ತ ಸಭಿಕರೇ, ಹಿಂದೆ ಕುಳಿತವರೇ, ಬಾಗಿಲಲ್ಲಿ ನಿಂತವರೇ, ಸದ್ದು ಮಾಡದೆ ಕೇಳಿರಿ. ಈ ಪತ್ರ ಓದುವವಳು ನನ್ನ ಮಗಳು ನೂರೈನ್.

ಮಗಳೇ, ಅಬ್ಬಾನ ಸಲಾಂ. ನಿನ್ನ ಅಮ್ಮಿ ತೀರಿಕೊಂಡು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ವಿಮಾನಗಳು ನಿಂತು ನಿನಗೆ ಬರಲಾಗಲಿಲ್ಲ. ಅವಳು ಕಡೆಯ ದಿನಗಳನ್ನು ಕಳೆದ ಜಾಗ ಎಂಥದೆಂದು ನೀನು ಫೋನಿನಲ್ಲಿ ಎಷ್ಟು ಸಲ ಕೇಳಿದೆ. ಇಂದು ಹೇಳುತ್ತೇನೆ.

ಈ ನೀರಿನ ದೇಶದಲ್ಲೂ ಒಂದು ಮರಳುಗಾಡಿದೆ. ಗಾಳಿ ಎದ್ದರೆ ದಿಬ್ಬಗಳೇ ಎದ್ದು ನಡೆಯುತ್ತವೆ. ಅಲ್ಲಿ ಹೆಂಡ್ರಿಕ್ ಎಂಬವನ ಮನೆತನ ಕುರಿ ಸಾಕಿಕೊಂಡಿತ್ತು. ಒಂದು ವರ್ಷ ಕಾಲುಬಾಯಿ ಜ್ವರ ಬಂತು. ಸೋಂಕು ಹರಡದಿರಲೆಂದು ಸರ್ಕಾರದವರು ಜ್ವರವಿಲ್ಲದ ಕುರಿಗಳನ್ನೂ ಕೊಂದು ಹಟ್ಟಿಯನ್ನು ಬರಿದು ಮಾಡಿದರು. ಆ ಜಾಗದಲ್ಲಿ ಗಾಲ್ಫ್ ರೆಸಾರ್ಟ್ ಎದ್ದಿತು. ಮರಳಿಗೆ ಹುಲ್ಲು ಹೊದಿಸಿ, ಚೆಂಡು ಸಿಕ್ಕಿಬೀಳಲೆಂದು ಅಲ್ಲಲ್ಲಿ ಮರಳಿನ ಗುಂಡಿ ಉಳಿಸಿದರು. ಹುಲ್ಲು ಕತ್ತರಿಸಲು ಹೆಂಡ್ರಿಕನೇ ಕೆಲಸಕ್ಕೆ ನಿಂತ. ಈ ವಸಂತದಲ್ಲಿ ಕೊರೊನಾ ಬಂದು ಆಟ ನಿಂತು, ಹೋಟೆಲಿನ ಕೋಣೆಗಳಿಗೆ ಆಸ್ಪತ್ರೆಯಿಂದ ರೋಗಿಗಳನ್ನು ತಂದರು. ನಿನ್ನ ಅಮ್ಮಿಯನ್ನೂ ತಂದರು. "ಮತ್ತೆ ಹಟ್ಟಿ ತುಂಬಿತು ನೋಡು," ಎಂದ ಹೆಂಡ್ರಿಕ್. ನಗಲಿಲ್ಲ.

ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಅವಳ ಕಿಟಕಿಯ ಕೆಳಗಿನ ಮರಳುಗುಂಡಿಯಲ್ಲಿ ನಿಂತು, ನಿನ್ನ ಅಜ್ಜನ ನಾಟಕ ಕಂಪನಿಯಲ್ಲಿ ಕಲಿತ ರಾಜನ ಪಾರ್ಟು ಹೇಳುತ್ತಿದ್ದೆ, ಮೈಕಿಲ್ಲದೆ, ಗಾಜು ನಡುಗುವಂತೆ. ಅವಳು ಫೋನು ಹಚ್ಚಿ ಬೈಯುತ್ತಿದ್ದಳು: "ಸಾಕ್ ಮಾಡ್ರಿ. ಇಲ್ಲಿ ಮಂದಿ ಉಸ್ರಾಡಾಕ ಬಂದಾರ, ನಿಮ್ಮ ನಾಟಕ ನೋಡಾಕಲ್ಲ." ಬೈದು ಮುಗಿಸಿ, ಕೈಯೆತ್ತಿ ಗಾಜಿಗೆ ಬಡಿಯುವಳು. ಅದು ಒನ್ಸ್ ಮೋರ್. ನಮ್ಮ ಕಂಪನಿಯಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತ ರಾಜನೂ ಎದ್ದು ಮೊದಲಿನಿಂದ ಸಾಯಬೇಕು. ನಾನು ಮತ್ತೆ ಮತ್ತೆ ಸತ್ತೆ, ಅವಳು ನಕ್ಕಳು.

ಸಭಿಕರೇ, ಇಲ್ಲಿಗೆ ಪರದೆ. ಅಲ್ಲಾಹನು ನಿಮಗೆಲ್ಲ ಆಯುಷ್ಯ ಕೊಡಲಿ.

ನಿನ್ನ ಅಬ್ಬಾ,
ಗಫೂರ್

ತಾ.ಕ.: ಇದನ್ನು ಜೋರಾಗಿ ಓದಬೇಡ, ನಿನಗೊಬ್ಬಳಿಗೆ. ಕಡೆಯ ದಿನ ಅವಳು ಫೋನು ಹಚ್ಚಲಿಲ್ಲ, ಬೈಯಲಿಲ್ಲ. ಗಾಜಿಗೆ ಬಡಿದಳು. ನಾನು ಮೊದಲಿನಿಂದ ಶುರುಮಾಡಿದೆ. ಮತ್ತೆ ಬಡಿದಳು. ಇನ್ನೂ ದನಿಯೇರಿಸಿ, ಮರಳಿನಲ್ಲಿ ಹೊರಳಿ ಸತ್ತು ತೋರಿಸಿದೆ. ಎದ್ದಾಗ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ಉಸಿರು ಸಿಗುತ್ತಿರಲಿಲ್ಲ, ಮಗಳೇ. ನರ್ಸನ್ನು ಕರೆಯುವ ಗಂಟೆ ಹಾಸಿಗೆಯ ಬಳಿ ಇತ್ತು, ಅವಳು ಕಿಟಕಿಯ ಬಳಿ. "ಆಗಲೇ ತಿಳಿದಿದ್ದರೂ ಉಳಿಯುತ್ತಿರಲಿಲ್ಲ," ಎಂದಳು ನರ್ಸ್, ನೆಲ ನೋಡುತ್ತ.

ನಾಳೆ ಹೋಟೆಲು ಅತಿಥಿಗಳಿಗೆ ತೆರೆಯುತ್ತದೆ. ಬೆಳಿಗ್ಗೆ, ಅವರು ಬರುವ ಮುಂಚೆ ಹೋಗಿ, ಅದೇ ಗುಂಡಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತು ಆ ಕಿಟಕಿಯನ್ನು ನೋಡುತ್ತೇನೆ.